ದೀಕ್ಷಾಸ್ನಾನದಿಂದ ಹೃದಯದವರೆಗೆ ಎಂಟು ವರ್ಷ: ಪಂಡಿತಾ ರಮಾಬಾಯಿ ಪ್ರಕರಣ

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದರು. ಎರಡೂವರೆ ವರ್ಷದ ಮಗಳು ಮನೋರಮಾಗೂ ಅದೇ ದಿನ ದೀಕ್ಷೆಯಾಯಿತು. ಸಭೆಯ (ಚರ್ಚಿನ) ಲೆಕ್ಕದಲ್ಲಿ ಅಂದಿನಿಂದಲೇ ಅವರು ಕ್ರೈಸ್ತರು. ಆದರೆ 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ, ಅಂದರೆ ವಿಶ್ವಾಸದ ಅನುಭವ ಕಥನದಲ್ಲಿ, ಅವರು ಇದನ್ನು ಒಪ್ಪುವುದಿಲ್ಲ. ಅಂದು ತನಗೆ ದೊರೆತದ್ದು ಕ್ರೈಸ್ತ ಧರ್ಮ, ಕ್ರಿಸ್ತನೇ ದೊರೆತದ್ದು ಎಂಟು ವರ್ಷಗಳ ಬಳಿಕ ಎಂದು ನೇರವಾಗಿ ಹೇಳುತ್ತಾರೆ.

ಈ ಎಂಟು ವರ್ಷಗಳ ಅಂತರವೇ ನನಗೆ ಈ ಪ್ರಕರಣದ ತಿರುಳು. ಕೈ ಎತ್ತಿದ ದಿನ, ನೀರಿಗೆ ಇಳಿದ ದಿನ, ಸಾಕ್ಷಿ ಹೇಳಿದ ದಿನ ಎಂದು ನಮ್ಮ ಸಭೆಗಳಲ್ಲಿ ದಿನಾಂಕ ಕೇಳುತ್ತಾರೆ. ಯೇಸುವನ್ನು ಹೃದಯಕ್ಕೆ ಬರಮಾಡಿಕೊಂಡೆ ಎಂದು ಒಮ್ಮೆ ಹೇಳಿದರೆ ಕೆಲಸ ಮುಗಿಯಿತು ಎಂಬ ಭಾವನೆ ಅನೇಕರಲ್ಲಿದೆ. ದೀಕ್ಷೆ ಪಡೆದು ತಿಂಗಳುಗಳಾದರೂ ಒಳಗೆ ಏನೂ ಹೊತ್ತಿಕೊಳ್ಳದಿದ್ದಾಗ ಅಂಥವರು ತಮ್ಮ ವಿಶ್ವಾಸವೇ ಸುಳ್ಳೇನೋ ಎಂದು ಕುಗ್ಗುತ್ತಾರೆ. ಅವರಿಗೆಲ್ಲ ರಮಾಬಾಯಿಯವರ ಬದುಕನ್ನು ಎದುರಿಗಿಟ್ಟು ಮಾತನಾಡಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಅವರು ನಮ್ಮ ಮಣ್ಣಿನವರು ಎಂಬುದು ಇನ್ನೊಂದು ಕಾರಣ.

ಗಂಗಾಮೂಲದ ಮಗಳು

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಬ್ರಾಹ್ಮಣ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂಬುದಕ್ಕೆ ಸಮುದಾಯದ ವಿರೋಧ ಕಟ್ಟಿಕೊಂಡರು. ಆ ಜಗಳವನ್ನು ಬೆಳೆಸದೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಆ ಜಾಗದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದರು. ಮುಂದೆ ಅವರಿಗೆ ಮನೆ ಎಂಬುದೇ ಇರಲಿಲ್ಲ. ದೇವಾಲಯಗಳಲ್ಲಿ, ನದೀತೀರಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಸಂಸ್ಕೃತವನ್ನು ರಮಾ ಕಲಿತದ್ದು ತಾಯಿಯಿಂದ.

1870ರ ದಶಕದ ಬರ ಆ ಕುಟುಂಬವನ್ನು ನುಂಗಿತು. ಕೊನೆಯ ಕಾಳು ಮುಗಿದ ಮೇಲೆ ಕಾಡಿಗೆ ಹೋಗಿ ಹನ್ನೊಂದು ದಿನ ಎಲೆ, ನೀರು, ಕಾಡುಹಣ್ಣಿನಲ್ಲಿ ಜೀವ ಹಿಡಿದಿದ್ದನ್ನು ರಮಾಬಾಯಿ ಬರೆದಿದ್ದಾರೆ. ಇನ್ನು ಸಾವೇ ಗತಿ ಎಂದು ತಿಳಿದಾಗ ಕಣ್ಣು ಕಾಣದ ತಂದೆ ಕಿರಿಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಆತನಿಗೇ ಸೇರಿದವಳು, ಜೀವಮಾನವಿಡೀ ಆತನನ್ನೇ ಸೇವಿಸು ಎಂಬ ಅರ್ಥದ ಮಾತು ಹೇಳಿದರು. 1874ರಲ್ಲಿ ತಂದೆ, ಕೆಲವೇ ತಿಂಗಳಲ್ಲಿ ತಾಯಿ, ಆ ಬಳಿಕ ಅಕ್ಕ ತೀರಿಕೊಂಡರು. ತಾಯಿಯ ಶವ ಹೊರಲು ಜನ ಸಾಲದೆ ರಮಾ ಸ್ವತಃ ಚಟ್ಟಕ್ಕೆ ತಲೆ ಕೊಟ್ಟರು. ಹೆಗಲು ಕೊಡುವಷ್ಟು ಎತ್ತರವಿರಲಿಲ್ಲ.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ರಮಾಬಾಯಿಯವರ ವಿಶ್ವಾಸದ ಕಥೆಯನ್ನು ಕೆಲವರು ಇಂಗ್ಲೆಂಡಿನಿಂದ ಆರಂಭಿಸುತ್ತಾರೆ. ಅದು ತಪ್ಪು. ನಿನ್ನನ್ನು ದೇವರಿಗೆ ಒಪ್ಪಿಸಿದ್ದೇನೆ ಎಂದ ತಂದೆ ಕೊನೆಯುಸಿರಿನವರೆಗೂ ನಿಷ್ಠಾವಂತ ವೈದಿಕರು. ಆ ಮಾತನ್ನು ಮಗಳು ಕ್ರೈಸ್ತಳಾದ ಮೇಲೂ ಕೃತಜ್ಞತೆಯಿಂದ ನೆನೆಸಿಕೊಂಡಳು. ಹೊಸ ವಿಶ್ವಾಸಿಗೆ ಹೆತ್ತವರ ಭಕ್ತಿಯನ್ನು ಹೀಗಳೆಯಲು ಕಲಿಸುವ ಬೋಧಕರು ಇದನ್ನು ಗಮನಿಸಬೇಕು.

ಕುರ್ಚಿಗೆ ನಮಸ್ಕರಿಸುವವರು

ಅಣ್ಣ ಶ್ರೀನಿವಾಸನೊಂದಿಗೆ ಕಾಶ್ಮೀರದವರೆಗೂ ಅಲೆದು 1878ರಲ್ಲಿ ಕಲ್ಕತ್ತಾ ಸೇರಿದಾಗ ರಮಾಗೆ ಇಪ್ಪತ್ತು ವರ್ಷ. ಅವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಅಲ್ಲಿಯೇ ಮೊದಲ ಬಾರಿಗೆ ಕ್ರೈಸ್ತರ ಕೂಟವೊಂದನ್ನು ನೋಡಿದರು. ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದಾಗ, ಇವರು ಕುರ್ಚಿಗಳನ್ನೇ ಪೂಜಿಸುತ್ತಿರಬೇಕು ಎಂದು ಅಣ್ಣತಂಗಿಯರು ಭಾವಿಸಿದರಂತೆ. ಸಂಸ್ಕೃತದ ಬೈಬಲ್ ಪ್ರತಿಯೊಂದು ಕೈಗೆ ಬಂತು. ಓದಿದರೆ ಏನೂ ಹತ್ತಲಿಲ್ಲ.

ಹತ್ತಿದ್ದು ಬೇರೊಂದು ಪ್ರಶ್ನೆ. ಪರದೆಯೊಳಗಿನ ಹೆಂಗಸರಿಗೆ ಶಾಸ್ತ್ರೋಕ್ತ ಸ್ತ್ರೀಧರ್ಮವನ್ನು ಬೋಧಿಸಿ ಎಂದು ಕಲ್ಕತ್ತಾದ ಪಂಡಿತರು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದ ರಮಾಬಾಯಿಗೆ, ಉಳಿದ ವಿಷಯಗಳಲ್ಲಿ ಪರಸ್ಪರ ಜಗಳವಾಡುವ ಗ್ರಂಥಗಳು ಒಂದು ಮಾತಿನಲ್ಲಿ ಒಮ್ಮತ ಹೊಂದಿರುವಂತೆ ಕಂಡಿತು: ಹೆಣ್ಣು ಹೆಣ್ಣಾಗಿಯೇ ಮೋಕ್ಷಕ್ಕೆ ಅರ್ಹಳಲ್ಲ. ಇದು ಅವರ ಓದು. ಬೇರೆ ಓದುಗಳಿವೆ ಎಂದು ವಾದಿಸುವವರಿದ್ದಾರೆ, ಆ ವಾದ ಇಲ್ಲಿ ಬೇಡ. ಆ ಓದು ಅವರೊಳಗೆ ಒಂದು ಹಸಿವನ್ನು ಹುಟ್ಟಿಸಿತು ಎಂಬುದಷ್ಟೇ ನಮಗೆ ಮುಖ್ಯ. ವಿಶ್ವಾಸ ಬರುವ ಮೊದಲು ಬಂದದ್ದು ಈ ಹಸಿವು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು, ಜಾತಿಯ ಕಟ್ಟು ದಾಟಿ, ನೋಂದಣಿ ವಿವಾಹವಾದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಪುಟ್ಟ ಪುಸ್ತಿಕೆಯೊಂದು ಸಿಕ್ಕಿತು: ಲೂಕನು ಬರೆದ ಸುವಾರ್ತೆ. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೇ ತಿಳಿದಿರಲಿಲ್ಲ. ಓದಿದರು, ಇಷ್ಟವಾಯಿತು. ಐಸಾಕ್ ಅಲೆನ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ ಮನೆಗೆ ಬಂದು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವನ್ನು ವಿವರಿಸಿದರು. ಪತಿಗೆ ಇದು ಹಿಡಿಸಲಿಲ್ಲ. 1882ರ ಫೆಬ್ರುವರಿಯಲ್ಲಿ ಪತಿ ಕಾಲರಾದಿಂದ ಸತ್ತರು. ಇಪ್ಪತ್ತಮೂರರ ವಿಧವೆ, ಕೈಯಲ್ಲಿ ವರ್ಷ ತುಂಬದ ಕೂಸು.

ಫುಲ್‌ಹ್ಯಾಮ್‌ನಲ್ಲಿ ಕಂಡದ್ದು

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ್ದು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣದ ಪರ ಸಾಕ್ಷ್ಯ ನುಡಿದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ವೈದ್ಯಶಾಸ್ತ್ರ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕ್ರೈಸ್ತಳಾಗುವ ಉದ್ದೇಶ ತನಗಿಲ್ಲ ಎಂದು ಹೊರಡುವ ಮೊದಲು ಹೇಳಿಯೂ ಇದ್ದರು. ಕಿವಿ ಮಂದವಾದ ಕಾರಣ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ವಾಂಟೇಜ್‌ನಲ್ಲಿಯೇ ದುರಂತ ಸಾವಿಗೀಡಾದರು. ಇಷ್ಟೆಲ್ಲದರ ನಡುವೆ, ಬಂದ ಕೆಲವೇ ತಿಂಗಳಲ್ಲಿ, ದೀಕ್ಷಾಸ್ನಾನ.

ಬುದ್ಧಿಯನ್ನು ಒಲಿಸಿದವರು ನೆಹೆಮಿಯಾ ಗೋರೆ. ಅವರೂ ಚಿತ್ಪಾವನ ಬ್ರಾಹ್ಮಣ ಪಂಡಿತರಾಗಿದ್ದು ಕ್ರೈಸ್ತರಾದವರು. ಪತ್ರದ ಮೂಲಕ ಅವರು ರಮಾಬಾಯಿಯ ಸಂದೇಹಗಳಿಗೆ ಉತ್ತರ ಕೊಟ್ಟರು. ಆದರೆ ಮನಸ್ಸನ್ನು ಕದಲಿಸಿದ್ದು ವಾದವಲ್ಲ. ವಾಂಟೇಜ್‌ನ ಸಿಸ್ಟರ್‌ಗಳು (ಆಂಗ್ಲಿಕನ್ ಸಂನ್ಯಾಸಿನಿಯರು) ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿದ್ದ ತಮ್ಮ ಆಶ್ರಯಧಾಮಕ್ಕೆ ಅವರನ್ನು ಕರೆದೊಯ್ದರು. ಸಮಾಜ ‘ಕೆಟ್ಟವರು’ ಎಂದು ಹೊರದಬ್ಬಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಹಾಗೆ ಆಶ್ರಯ ಪಡೆದವರಲ್ಲಿ ಕೆಲವರು ಈಗ ರೋಗಿಗಳ ಸೇವೆಗೆ ತಮ್ಮನ್ನೇ ಕೊಟ್ಟುಕೊಂಡಿದ್ದರು. ಇಂಥ ಹೆಂಗಸರನ್ನು ಹೀಗೆ ಕಾಣಲು ಸಾಧ್ಯ ಎಂಬುದನ್ನೇ ರಮಾಬಾಯಿ ಅದುವರೆಗೆ ಕೇಳಿರಲಿಲ್ಲ. ಇದನ್ನು ಮಾಡಿಸುವುದು ಯಾವುದು ಎಂದು ಕೇಳಿದಾಗ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು, ಯೇಸುವು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಂದಿಗೆ ಮಾತನಾಡಿದ ಕಥೆಯನ್ನು ಓದಿ ಹೇಳಿದರು. ಹೆಣ್ಣಿಗೆ ಮೋಕ್ಷವಿಲ್ಲ ಎಂಬ ಓದಿನಿಂದ ಗಾಯಗೊಂಡು ಬಂದವರಿಗೆ, ಐದು ಗಂಡಂದಿರ ಚರಿತ್ರೆಯಿದ್ದ ಒಬ್ಬ ಹೆಣ್ಣಿನೊಂದಿಗೆ ಆರಾಧನೆಯ ಕುರಿತು ಸಮಾನವಾಗಿ ಮಾತನಾಡುವ ಗುರು ಎದುರಾದ.

ಇಷ್ಟಾದರೂ ಅವರು ತಲೆಬಾಗಿಸಿ ಎಲ್ಲವನ್ನೂ ಒಪ್ಪಿದವರಲ್ಲ. 1885ರ ಸುಮಾರಿಗೆ, ವಾಂಟೇಜ್‌ನಲ್ಲಿ ತಮ್ಮ ಮಾರ್ಗದರ್ಶಕಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಮತ್ತು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಪ್ರಾಂಶುಪಾಲರಾದ ಡೊರೊಥಿಯಾ ಬೀಲ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರದಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಯೈಕತ್ವದ ಸಿದ್ಧಾಂತವನ್ನು ಪ್ರಶ್ನಿಸಿದರು. ಬೈಬಲ್ಲಿಗೆ ವಿಧೇಯಳಾಗುತ್ತೇನೆ, ಬಿಷಪ್ಪರ ಪ್ರತಿ ಮಾತಿಗೂ ಅಲ್ಲ ಎಂಬುದು ಅವರ ನಿಲುವು. ಪುರುಷ ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಬಾರದೆಂದು ಭಾರತದಲ್ಲಿದ್ದ ಬಿಷಪ್ಪರು ಅಡ್ಡಿ ಮಾಡಿದಾಗ ಸಿಟ್ಟಾದರು. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಮೇರಿ ರಮಾ ಎಂಬ ದೀಕ್ಷಾನಾಮ ಬಂದರೂ ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ. ಇದನ್ನು ಅಹಂಕಾರ ಎಂದು ಸಿಸ್ಟರ್ ಜೆರಾಲ್ಡಿನ್ ನೊಂದುಕೊಂಡರು.

ಆ ಪತ್ರಗಳಲ್ಲಿ ನನಗೆ ಕಾಣುವುದು ಪ್ರಾಮಾಣಿಕತೆ. ನಂಬದ್ದನ್ನು ನಂಬಿದ್ದೇನೆ ಎಂದು ಅವರು ಒಮ್ಮೆಯೂ ಬಾಯಿಮಾತಿಗೆ ಹೇಳಲಿಲ್ಲ. ಮುಂದೆ ತ್ರಯೈಕ ದೇವರನ್ನು ಅವರು ಮನಸಾರೆ ಒಪ್ಪಿದ್ದು ಯಾರೂ ಬಲವಂತ ಮಾಡದೆ, ತಮ್ಮದೇ ಸಮಯದಲ್ಲಿ.

1891

ಅಮೆರಿಕದಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸರ ಪಾಡನ್ನು ಕುರಿತು ಇಂಗ್ಲಿಷ್ ಪುಸ್ತಕ ಬರೆದು, ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಯಾಗಿ, ಆ ಬೆಂಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ತೆರೆಯಿತು. ಬಾಲವಿಧವೆಯರಿಗೆ ವಸತಿ ಮತ್ತು ವಿದ್ಯೆ. ಧರ್ಮಬೋಧನೆ ಇಲ್ಲ ಎಂಬ ಭರವಸೆಯ ಮೇಲೆ ಹಿಂದೂ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ಮರುವರ್ಷ ಸದನ ಪುಣೆಗೆ ಬಂತು.

ಹೊರಗಿನಿಂದ ನೋಡಿದರೆ ಇದು ಸಫಲ ಕ್ರೈಸ್ತ ಜೀವನ. ಪುಸ್ತಕವಿದೆ, ಸಂಸ್ಥೆಯಿದೆ, ಸೇವೆಯಿದೆ, ಖ್ಯಾತಿಯಿದೆ. ಒಳಗೆ ಮಾತ್ರ ಅವರಿಗೆ ನೆಮ್ಮದಿಯಿರಲಿಲ್ಲ. ಆಗ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥನ ಓದಿದರು. ವರ್ಷಗಟ್ಟಲೆ ಪಾದ್ರಿಯಾಗಿ ದುಡಿದ ಆತ ಒಂದು ದಿನ ತಾನೇ ಬೋಧಿಸುತ್ತಿದ್ದ ಪ್ರಸಂಗದ ನಡುವೆ, ತಾನಿನ್ನೂ ಕ್ರಿಸ್ತನನ್ನು ಅರಿತಿಲ್ಲ ಎಂದು ಕಂಡುಕೊಂಡು ಮನಸ್ಸು ತಿರುಗಿಸಿಕೊಂಡವನು. ರಮಾಬಾಯಿ ಅದರಲ್ಲಿ ತಮ್ಮನ್ನೇ ಕಂಡರು. ತನಗೆ ಬೇಕಾಗಿರುವುದು ಆತನ ಧರ್ಮ ಮಾತ್ರವಲ್ಲ, ಆತನೇ ಎಂಬುದು ಸ್ಪಷ್ಟವಾಯಿತು. ಓದು, ತರ್ಕ, ಒಳ್ಳೆಯ ಕೆಲಸ ಯಾವುದೂ ಆ ಕೊರತೆಯನ್ನು ತುಂಬಲಾರದು ಎಂದು ತಿಳಿದಾಗ, ಷರತ್ತಿಲ್ಲದೆ ತನ್ನನ್ನು ರಕ್ಷಕನಿಗೆ ಒಪ್ಪಿಸಿಕೊಂಡೆ ಎಂದು ಸಾಕ್ಷಿಯಲ್ಲಿ ಬರೆದರು. ಪಾಪಕ್ಷಮೆ ಸಂಪಾದಿಸುವ ವಸ್ತುವಲ್ಲ, ಕೊಡುಗೆ. ಈ ಮಾತು ಅವರಿಗೆ ಬಾಯಿಪಾಠವಾಗಿತ್ತು, ಈಗ ಅನುಭವಕ್ಕೆ ಬಂತು.

1883ರ ದೀಕ್ಷೆಯನ್ನು ಅವರು ಸುಳ್ಳು ಎಂದು ಎಂದೂ ತಳ್ಳಿಹಾಕಲಿಲ್ಲ. ಬಿತ್ತಿದ್ದು ಬಿತ್ತಿದ್ದೇ. ಮಳೆ ಬರುವುದು ತಡವಾಯಿತು ಅಷ್ಟೇ. ಈಗ ನೀರಿಗಿಳಿದು, ಒಳಗೆ ಶುಷ್ಕವೆನ್ನಿಸುತ್ತಿದೆ ಎಂದು ಅಳುಕುವ ವಿಶ್ವಾಸಿಗೆ ನಾನು ಹೇಳಬಯಸುವುದು ಇದನ್ನೇ: ಆ ಶುಷ್ಕತೆಯನ್ನು ಮುಚ್ಚಿಡಬೇಡಿ, ಹಾಡಿನ ಸದ್ದಿನಲ್ಲಿ ಮುಳುಗಿಸಬೇಡಿ. ರಮಾಬಾಯಿಯವರಂತೆ ಅದನ್ನು ಹೆಸರಿಟ್ಟು ದೇವರ ಮುಂದೆ ಇಡಿ.

ತೆರೆದ ಬಾಗಿಲು

ಹೃದಯದೊಳಗೆ ಆದ ಬದಲಾವಣೆ ಮೊದಲು ಹೊರಬಿದ್ದದ್ದು ದಿನದ ಪ್ರಾರ್ಥನೆಯಲ್ಲಿ. ಬೆಳಗ್ಗೆ ಮಗಳೊಂದಿಗೆ ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುವಾಗ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಸಲಹಾ ಮಂಡಳಿ ಬಾಗಿಲು ಮುಚ್ಚಿಕೊಳ್ಳಿ ಎಂದಿತು. ಹಿಂದೂ ಹುಡುಗಿಯರಿಗೆ ತಮ್ಮ ಪೂಜೆಯನ್ನು ಮಾಡಿಕೊಳ್ಳಲು ಸದನದಲ್ಲಿ ಸ್ವಾತಂತ್ರ್ಯವಿರುವಾಗ ತನ್ನ ಪ್ರಾರ್ಥನೆಯನ್ನು ಮಾತ್ರ ಏಕೆ ಬಚ್ಚಿಡಬೇಕು ಎಂದು ರಮಾಬಾಯಿ ಒಪ್ಪಲಿಲ್ಲ. ಟಿಳಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಮಂಡಳಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ಕರೆದೊಯ್ದರು.

ವಿರೋಧಿಸಿದವರೆಲ್ಲ ದ್ವೇಷಿಗಳಾಗಿದ್ದರು ಎಂದು ನಾನು ಬರೆಯಲಾರೆ. ಧರ್ಮಬೋಧನೆಯಿಲ್ಲ ಎಂಬ ಮಾತನ್ನು ನಂಬಿ ಮಕ್ಕಳನ್ನು ಕಳುಹಿಸಿದವರಿಗೆ ಆತಂಕವಾದದ್ದು ಸಹಜ. ಆಶ್ರಯ ಕೊಟ್ಟವರ ಪ್ರಭಾವ ಆಶ್ರಯ ಪಡೆದವರ ಮೇಲೆ ಎಷ್ಟಿರುತ್ತದೆ ಎಂಬುದನ್ನು ಕ್ರೈಸ್ತರಾದ ನಾವು ಇಂದಿಗೂ ಎಚ್ಚರದಿಂದ ಯೋಚಿಸಬೇಕು. ಹಾಗೆಂದು ತನ್ನ ಕೋಣೆಯಲ್ಲಿ ತನ್ನ ದೇವರಿಗೆ ಪ್ರಾರ್ಥಿಸುವುದನ್ನು ಒಬ್ಬ ವಿಶ್ವಾಸಿ ಕಳ್ಳತನದಂತೆ ಮಾಡಬೇಕಿಲ್ಲ. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಅಲ್ಲಿಯೇ ಬೆಳೆದೂ ಹಿಂದುವಾಗಿಯೇ ಉಳಿದರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದೀಬಾಯಿ ಕರ್ವೆ ಎನ್ನಿಸಿಕೊಂಡವರು ಅವರೇ. ಆ ಬಾಗಿಲಿನಿಂದ ಒಳಗೆ ಬಾರದಿರುವ ಸ್ವಾತಂತ್ರ್ಯವೂ ಇತ್ತು ಎಂಬುದಕ್ಕೆ ಇದೊಂದು ಗುರುತು.

ಕೇಡಗಾಂವ್‌ನ ದಿನಚರಿ

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂದಾಗ ಹಸಿವಿನ ಹಳೆಯ ನೆನಪು ಅವರನ್ನು ಕೂರಗೊಡಲಿಲ್ಲ. ಹೋಗಿ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯ ಪೂರ್ವಕ್ಕಿರುವ ಕೇಡಗಾಂವ್‌ನಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಸುಮಾರು 100 ಎಕರೆ ಜಮೀನು ‘ಮುಕ್ತಿ ಸದನ’ವಾಯಿತು. 1900ರ ಗುಜರಾತಿನ ಬರದ ಬಳಿಕ ಅಲ್ಲಿನ ಜನಸಂಖ್ಯೆ ಸುಮಾರು 2,000 ಮುಟ್ಟಿತು.

ದೈನಂದಿನ ಬದುಕಿನಲ್ಲಿ ವಿಶ್ವಾಸ ಎಂದರೇನು ಎಂದು ಕೇಳುವವರು ಕೇಡಗಾಂವ್‌ನ ಕೆಲಸಗಳ ಪಟ್ಟಿ ನೋಡಬೇಕು: ಬಾವಿ ತೋಡುವುದು, ನೇಯುವುದು, ಎಣ್ಣೆ ತೆಗೆಯುವುದು, ಹೈನು, ಬಟ್ಟೆ ಒಗೆಯುವುದು, ಹೊಲದ ಕೆಲಸ, ಅಚ್ಚುಮೊಳೆ ಜೋಡಿಸುವುದು. ಕಣ್ಣು ಕಾಣದ ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದರು. ಊರು ಹೊರಹಾಕಿದ ಹೆಂಗಸರಿಗೆ ‘ಕೃಪಾ ಸದನ’ ಎಂಬ ಪ್ರತ್ಯೇಕ ಮನೆಯಿತ್ತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನು ರಮಾಬಾಯಿ ಮರಾಠಿ ನೆಲದಲ್ಲಿ ಕಟ್ಟಿದ್ದು ಹೀಗೆ. ಹಣಕ್ಕೆ, ಇಂಗ್ಲೆಂಡಿನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್, ಚೀನಾದಲ್ಲಿ ದುಡಿದ ಮಿಷನರಿ ಹಡ್ಸನ್ ಟೇಲರ್ ಅವರ ಮಾದರಿಯಲ್ಲಿ ಪ್ರಾರ್ಥನೆಯನ್ನೇ ನೆಚ್ಚಿದರು. ಅದೇ ಹೊತ್ತಿಗೆ 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ಪತ್ರಿಕೆಗೆ ಬರೆದು ಬ್ರಿಟಿಷ್ ಸರ್ಕಾರದ ಅಸಮಾಧಾನವನ್ನೂ ಕಟ್ಟಿಕೊಂಡರು. ಕ್ರಿಸ್ತನನ್ನು ಒಪ್ಪಿದ್ದೇನೆ ಎಂದ ಮಾತ್ರಕ್ಕೆ ಆಳುವವರ ಪಕ್ಷ ವಹಿಸಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

1905ರ ಜೂನ್‌ನಲ್ಲಿ ಮುಕ್ತಿಯಲ್ಲಿ ಉಜ್ಜೀವನ, ಅಂದರೆ ವಿಶ್ವಾಸದ ಹೊಸ ಎಚ್ಚರ, ಆಯಿತು. ಹುಡುಗಿಯರು ಗಂಟೆಗಟ್ಟಲೆ ಅತ್ತು, ಪಾಪ ಅರಿಕೆ ಮಾಡಿ, ಗಟ್ಟಿಯಾಗಿ ಪ್ರಾರ್ಥಿಸಿದರು. ಪೆಂತೆಕೋಸ್ತ್ ಸಭೆಗಳ ಚರಿತ್ರೆಯಲ್ಲಿ ಈ ಘಟನೆಗೆ ದೊಡ್ಡ ಸ್ಥಾನವಿದೆ. ಈ ಬಗೆಯ ಪ್ರಾರ್ಥನೆ ಶಿಸ್ತಿಲ್ಲದ್ದು ಎಂದು ಆಕ್ಷೇಪಿಸಿದವರಿಗೆ, ಭಾರತದ ಹೆಣ್ಣುಮಕ್ಕಳು ತಮ್ಮದೇ ರೀತಿಯಲ್ಲಿ ದೇವರನ್ನು ಕೂಗಲಿ ಎಂದು ರಮಾಬಾಯಿ ಉತ್ತರಿಸಿದರು. ಆ ಉತ್ತರ ನನಗೆ ತುಂಬಾ ಇಷ್ಟ. ಆದರೆ ಉಜ್ಜೀವನದ ಆ ದಿನಗಳನ್ನಷ್ಟೇ ಕೊಂಡಾಡಿ, ಹತ್ತು ವರ್ಷಗಳ ಬಾವಿ, ಮಗ್ಗ, ಒಗೆತಗಳನ್ನು ಬಿಟ್ಟುಬಿಟ್ಟರೆ ಪವಿತ್ರಾತ್ಮನ ಕೆಲಸದ ಅರ್ಧವನ್ನೇ ಹೇಳಿದಂತೆ.

ಮಗಳ ಪಾಲು

ಈ ಪ್ರಕರಣದಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗಿರುವುದು ಮನೋರಮಾ. ತಾಯಿ ಹಸಿದು, ಹುಡುಕಿ, ಜಗಳವಾಡಿ ಪಡೆದದ್ದನ್ನು ಮಗಳು ಕೇಳದೆಯೇ, ಎರಡೂವರೆ ವರ್ಷದಲ್ಲಿ ಪಡೆದಳು. ವಿಶ್ವಾಸಿಗಳ ಮಕ್ಕಳು ಇಂದೂ ಇದೇ ಸ್ಥಿತಿಯಲ್ಲಿ ಬೆಳೆಯುತ್ತಾರೆ. ಅವರ ಹೃದಯಕ್ಕೆ ಅಪ್ಪ ಅಮ್ಮ ಬಾಗಿಲು ತೆಗೆಯಲಾಗದು.

ಮನೋರಮಾ ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ ಮರಳಿ ಬಂದರು. ಶಾರದಾ ಸದನದ ಶಾಲೆಯನ್ನು ನಡೆಸಿದರು. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗಾದಲ್ಲಿ ಶಾಲೆ ಕಟ್ಟುವ ಕೆಲಸಕ್ಕೂ ಹೆಗಲು ಕೊಟ್ಟರು. 1921ರಲ್ಲಿ, ನಲವತ್ತರ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು.

ಹಿಬ್ರೂ, ಗ್ರೀಕ್ ಕಲಿತು, ಕಡಿಮೆ ಓದಿದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸುವ ಕೆಲಸ ರಮಾಬಾಯಿಯವರ ಕೈಯಲ್ಲಿತ್ತು. ಮಗಳನ್ನು ಕಳೆದುಕೊಂಡ ಮೇಲೂ ಅದನ್ನು ಬಿಡದೆ ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕಣ್ಣುಮುಚ್ಚಿದರು. ಆ ಬೈಬಲ್ಲನ್ನು ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿ, ತಮ್ಮದೇ ಮುದ್ರಣಾಲಯದಲ್ಲಿ ಮುದ್ರಿಸಿ, 1924ರಲ್ಲಿ ಹೊರತಂದರು.